ಹುಳದ ಮನೆಯ ಗೊದಮೊಟ್ಟೆಗಳು

ಮೊದಲ ಬಾಣಂತನ ತವರಿನಲ್ಲೇ ಆಗಬೇಕು ಎನ್ನುವುದು ನಮ್ಮ ಕಡೆ ಯಾರೂ ಕೂತು ತೀರ್ಮಾನಿಸುವ ವಿಷಯವಲ್ಲ. ಸೀಮಂತ ಮುಗಿಯುತ್ತದೆ, ಮಗಳು ಹೊಟ್ಟೆ ಹೊತ್ತುಕೊಂಡು ತಾಯಿಯ ಮನೆಗೆ ಬರುತ್ತಾಳೆ, ಅಷ್ಟೆ. ನಾನೂ ಹಾಗೇ ಕೊಳ್ಳೇಗಾಲದ ಗಂಡನ ಮನೆಯಿಂದ, ಅವರ ಹಾರ್ಡ್‌ವೇರ್ ಅಂಗಡಿಯ ಗಲ್ಲಾ ಬಿಟ್ಟು ಹೊನ್ನೂರಿಗೆ ಬಂದೆ. ಆಟೋ ಓಡಿಸುವ ನನ್ನ ತಮ್ಮ ಯಳಂದೂರು ಬಸ್‌ಸ್ಟ್ಯಾಂಡಿಗೆ ಬಂದು ಕರೆದುಕೊಂಡು ಹೋದ. ಒಂದೊಂದು ಗುಂಡಿ ಬಂದಾಗಲೂ ಆಟೋ ನಿಲ್ಲಿಸಿ ಹಿಂದೆ ತಿರುಗಿ ನೋಡುತ್ತಿದ್ದ. ಹೀಗೇ ಓಡಿಸಿದರೆ ಮಗು ಆಟೋದಲ್ಲೇ ಹುಟ್ಟಿ, ಇಲ್ಲಿಂದಲೇ ಶಾಲೆಗೂ ಸೇರುತ್ತದೆ ಎಂದು ರೇಗಿದೆ. ನನಗೆ ಮೊದಲಿನಿಂದಲೂ ಕೋಪ ಮೂಗಿನ ತುದಿಯಲ್ಲಿ. ಬಸುರಿಯಾದ ಮೇಲೆ ಅಲ್ಲಿಂದಲೂ ಮುಂದಕ್ಕೆ ಬಂದಿತ್ತು.

ಅವತ್ತು ಅವ್ವ ಉಪ್ಪೆಸರು, ಮುದ್ದೆ ಮಾಡಿದ್ದಳು. ನಾನು ಉಂಡು ಕೈ ತೊಳೆಯುವವರೆಗೂ ಕಾದು ಮಾತು ತೆಗೆದಳು.

"ಬಾಣಂತನ ನಿಮ್ಮತ್ತೆ ಕೈಲಿ ಮಾಡುಸ್ಕೊ ಮಗಾ. ಅಡ್ಗೆ ಮಾಡಾಕ್ತೀನಿ, ಬಟ್ಟೆ ಒಗ್ದಾಕ್ತೀನಿ. ಕೂಸ್ನ ಮಾತ್ರ ನಾನು ಮುಟ್ಟಲ್ಲ. ನನ್ ಕೈ ಸರಿಯಿಲ್ಲ."

ನನ್ನ ಅತ್ತೆ ಒಳ್ಳೆಯವರೇ. ಆದರೆ ಅವರಿಗೆ ಮಂಡಿ ನೋವು, ನೆಲಕ್ಕೆ ಕೂತರೆ ಏಳಿಸಲು ಇಬ್ಬರು ಬೇಕು. ವಿಷಯ ಅದೂ ಅಲ್ಲ. ನನಗೆ ನನ್ನ ಅವ್ವನ ಕೈಯೇ ಬೇಕಿತ್ತು. ಹೊನ್ನೂರಿನ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮಕ್ಕಳು ನೀಡಿದ ಅವಳ ಕಾಲುಗಳ ಮೇಲೆ ಮಲಗಿ ನೀರು ಎರೆಸಿಕೊಂಡವರು. ಯಾರ ಮನೆಯಲ್ಲಿ ಹೆರಿಗೆಯಾದರೂ ಮೊದಲ ನೀರಿಗೆ ಅವಳನ್ನು ಕರೆಯುತ್ತಿದ್ದರು. ಅವಳ ಕೈಗುಣ ಒಳ್ಳೆಯದು ಎನ್ನುವುದು ಊರಿನ ನಂಬಿಕೆ. ಅವಳು ಹಾಕಿದ ಬೀಜ ಹುಟ್ಟುತ್ತದೆ, ಅವಳು ಹೆಪ್ಪು ಹಾಕಿದ ಹಾಲು ಗಟ್ಟಿ ಮೊಸರಾಗುತ್ತದೆ, ಅವಳು ಸಾಕಿದ ರೇಷ್ಮೆ ಹುಳ ಸಾಯುವುದಿಲ್ಲ. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರನ್ನು ಸಾಕಿದ್ದೇ ಮನೆಯ ಹಿಂದಿನ ಹುಳದ ಮನೆ.

ಎರಡು ವರ್ಷದ ಹಿಂದೆ ಆ ಹುಳಗಳು ಸತ್ತವು. ಕೊನೆಯ ಜ್ವರ ಎದ್ದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು, ಗೂಡು ಕಟ್ಟಲು ಇನ್ನೇನು ಹಣ್ಣಾಗಬೇಕು ಎನ್ನುವ ಹೊತ್ತಿನಲ್ಲಿ ಒಂದು ಬೆಳಿಗ್ಗೆ ಅಷ್ಟೂ ತಟ್ಟೆಗಳಲ್ಲಿ ಹುಳಗಳು ಹಸಿರು ಕಕ್ಕಿಕೊಂಡು ಬಿದ್ದಿದ್ದವು. ಪಕ್ಕದ ಹೊಲದವರು ಚೆಂಡು ಹೂವಿಗೆ ಔಷಧಿ ಹೊಡೆದಿದ್ದಾರೆ, ಗಾಳಿಗೆ ಅದು ನಮ್ಮ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಿದೆ ಎಂದು ತಮ್ಮ ಬಡಿದುಕೊಂಡ. ಅವ್ವ ಒಪ್ಪಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಆ ಜಾತಿಯವಳಲ್ಲ ಎಂದಳು. ಕೈ ಕೆಟ್ಟಿದೆ ಎಂದು ತಾನೇ ತೀರ್ಮಾನ ಕೊಟ್ಟುಕೊಂಡಳು. ಊರಿನಲ್ಲಿ ಯಾರೂ ಹಾಗೆ ಅನ್ನಲಿಲ್ಲ. ಅಂದಿದ್ದರೆ ಹೋಗಿ ಜಗಳವಾದರೂ ಆಡಬಹುದಿತ್ತು. ಅವತ್ತಿನಿಂದ ಅವಳು ಹುಳದ ಮನೆಯ ಹೊಸಿಲು ದಾಟಲಿಲ್ಲ, ಹಿತ್ತಲಿಗೆ ಒಂದು ಬದನೆ ಸಸಿ ಇಡಲಿಲ್ಲ, ಕರೆದವರ ಮನೆಗೆ ಕೂಸು ಎರೆಯಲು ಹೋಗಲಿಲ್ಲ. ಹಾಲಿಗೆ ಹೆಪ್ಪನ್ನು ತಮ್ಮ ಹಾಕುತ್ತಿದ್ದ. ಅದು ಯಾವತ್ತೂ ಸರಿಯಾಗಿ ಮೊಸರಾಗಲಿಲ್ಲ, ಆ ಮಾತು ಬೇರೆ.

ಹುಳದ ಮನೆಯ ಬಾಗಿಲಲ್ಲಿ ಒಂದು ಸಿಮೆಂಟ್ ತೊಟ್ಟಿ ಇತ್ತು. ಅದನ್ನು ಒಡೆದು ಹುಳದ ಮನೆಯನ್ನು ಆಟೋ ನಿಲ್ಲಿಸುವ ಶೆಡ್ ಮಾಡಬೇಕೆಂದು ತಮ್ಮ ಹಾರೆ ತಂದಿಟ್ಟಿದ್ದ. ನಾನು ಬಂದ ವಾರದಲ್ಲಿ ಮಳೆ ಬಿದ್ದು ತೊಟ್ಟಿಯಲ್ಲಿ ನೀರು ನಿಂತಿತು. ಅದರ ಒಳಗೋಡೆಗೆ, ನೀರಿನಿಂದ ಗೇಣು ಮೇಲೆ, ಬಿಳಿ ನೊರೆಯ ಉಂಡೆಯೊಂದು ಅಂಟಿಕೊಂಡಿತ್ತು. ಆಟೋ ತೊಳೆದ ಸೋಪಿನ ನೊರೆ ಎಂದುಕೊಂಡು ತಮ್ಮನನ್ನು ಬೈದೆ. ಅವನು, ಆಟೋ ತೊಳೆದು ತಿಂಗಳಾಯಿತು ಎಂದು ಹೆಮ್ಮೆಯಿಂದ ಹೇಳಿಕೊಂಡ. ಕೆಲವು ದಿನದ ಮೇಲೆ ನೊರೆ ಕರಗಿ ನೀರಿಗೆ ಇಳಿದಿತ್ತು, ನೀರಿನ ತುಂಬ ಗೊದಮೊಟ್ಟೆಗಳು. ತಲೆಯೂ ಬಾಲವೂ ಬಿಟ್ಟರೆ ಬೇರೇನೂ ಇಲ್ಲದ, ಎಳ್ಳಿಗಿಂತ ತುಸು ದೊಡ್ಡ ಕಪ್ಪೆಮರಿಗಳು. ಮರಗಪ್ಪೆ ನೊರೆಯೊಳಗೆ ಮೊಟ್ಟೆ ಇಡುತ್ತದೆ ಎಂದು ಫೋನಿನಲ್ಲಿ ನೋಡಿ ತಿಳಿದುಕೊಂಡೆ.

ಬಸುರಿ ಇರುವ ಮನೆಯಲ್ಲಿ ಒಡೆಯುವುದು, ಕಡಿಯುವುದು, ಜೀವ ತೆಗೆಯುವುದು ಮಾಡಬಾರದು. ಅಂಥ ಮಾತುಗಳನ್ನು ನಾನು ಎಂದೂ ನಂಬಿದವಳಲ್ಲ, ಆದರೆ ತಮ್ಮ ಹಾರೆ ಎತ್ತಿದಾಗ ಬಹಳ ಭಕ್ತಿಯಿಂದ ಹೇಳಿದೆ. ಅವನು ಹಾರೆ ಕೆಳಗಿಟ್ಟು ನಕ್ಕ. ತೊಟ್ಟಿಯ ಬುಡ ಬಿರುಕು ಬಿಟ್ಟಿದೆ, ನೀರು ದಿನಕ್ಕಿಷ್ಟು ಸೋರುತ್ತಿದೆ, ನಾನು ಒಡೆಯುವುದೇ ಬೇಡ, ಹಾವೂ ಸಾಯುತ್ತದೆ ಕೋಲೂ ಮುರಿಯುವುದಿಲ್ಲ ಎಂದ. ನೋಡಿದರೆ ನಿಜ. ಆ ಮಾತಿಗೇ ನನಗೆ ಹಟ ಬಂತು. ಹುಳದ ಮನೆಯೊಳಗೆ ಒಂದು ನೀಲಿ ಪ್ಲಾಸ್ಟಿಕ್ ಟಬ್ ಇಡಿಸಿ, ತೊಟ್ಟಿಯ ನೀರನ್ನೇ ತುಂಬಿಸಿ, ಟೀ ಸೋಸುವ ಜರಡಿಯಲ್ಲಿ ಗೊದಮೊಟ್ಟೆಗಳನ್ನು ಹಿಡಿದು ಅದಕ್ಕೆ ಬಿಟ್ಟೆ. ಅವ್ವನ ಮನಸ್ಸು ತಿರುಗಿಸಲು ನಾನು ಹೂಡಿದ ಉಪಾಯ ಅದು ಎಂದು ತಮ್ಮ ಇವತ್ತಿಗೂ ಎಲ್ಲರ ಮುಂದೆ ಹೇಳುತ್ತಾನೆ. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ಕೆಲಸವಿಲ್ಲದೆ ಕೂತ ಸಿಡುಕಿ ಒಬ್ಬಳು ತಮ್ಮನ ಮುಂದೆ ಸೋಲಬಾರದು ಎಂದು ಮಾಡಿದ್ದು.

ಸಾಕುವುದು ನನಗೆ ಬರಲಿಲ್ಲ. ಪ್ರೀತಿಯಿಂದ ಒಂದು ಹಿಡಿ ಅನ್ನ ಹಾಕಿದೆ. ಮಾರನೆಯ ದಿನಕ್ಕೆ ನೀರು ಹುಳಿ ನಾತ ಹೊಡೆಯಿತು, ಮರಿಗಳು ಮೇಲಕ್ಕೆ ಬಂದು ಬಾಯಿ ಬಿಡತೊಡಗಿದವು. ಆ ನಾತ ಅಡಿಗೆಮನೆಗೂ ಹೋಯಿತೋ ಏನೋ, ಅವ್ವ ಬಂದು ಹುಳದ ಮನೆಯ ಹೊಸಿಲಾಚೆ ನಿಂತಳು. ಅಷ್ಟು ಹಾಕಬಾರದು, ಮೊದಲು ಹಾಕಿದ್ದನ್ನು ತಿಂದು ಮುಗಿಸಿದ ಮೇಲೆ ಇನ್ನಷ್ಟು, ಉಳಿದದ್ದನ್ನು ಎತ್ತಿ ಹಾಕು ಎಂದಳು. ಹುಳಕ್ಕಾದರೂ ಇದೇ ತಾನೇ ಎಂದು ಗೊಣಗಿ ಹೊರಟು ಹೋದಳು. ನಾನು ಕೆಟ್ಟ ನೀರನ್ನು ಅರ್ಧ ಚೆಲ್ಲಿ, ಡ್ರಮ್ಮಿನ ಮಳೆನೀರು ಹಾಕಿಸಿದೆ. ಅನ್ನದ ಬದಲು ದಂಟಿನ ಸೊಪ್ಪನ್ನು ಮೆತ್ತಗೆ ಬೇಯಿಸಿ ಚಿಟಿಕೆಯಷ್ಟು ಬಿಟ್ಟೆ. ಮರಿಗಳು ಸುತ್ತ ಸೇರಿ ಅದನ್ನು ಕೆರೆದು ಕೆರೆದು ತಿಂದವು.

ಆಮೇಲೆ ಅವ್ವ ದಿನಾ ಹೊಸಿಲಿಗೆ ಬಂದಳು. ಒಳಗೆ ಬರುತ್ತಿರಲಿಲ್ಲ, ಅಲ್ಲೇ ನಿಂತು ಹೇಳುತ್ತಿದ್ದಳು. ಬಿಸಿಲು ಬೀಳುವ ಕಡೆಯಿಂದ ಟಬ್ ಸರಿಸು. ಕಾಗೆ ಬರುತ್ತದೆ, ಹುಳಕ್ಕೆ ಊಜಿ ನೊಣ ಮುತ್ತದಂತೆ ಕಟ್ಟುತ್ತಿದ್ದ ಪರದೆ ಅಟ್ಟದಲ್ಲಿದೆ, ಅದನ್ನು ಮುಚ್ಚು. ಟಬ್ಬನ್ನು ಹುಳದ ತಟ್ಟೆ ಇಡುವ ಸ್ಟ್ಯಾಂಡಿನ ಮೇಲಿಟ್ಟು ಅದರ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಡು, ಇಲ್ಲವಾದರೆ ಇರುವೆ ಹತ್ತುತ್ತದೆ. ನನಗೆ ಬಗ್ಗಲಾಗುತ್ತಿರಲಿಲ್ಲ, ಕೂತರೆ ಏಳಲಾಗುತ್ತಿರಲಿಲ್ಲ. ಬಟ್ಟಲು ಇಡಲು ಬಗ್ಗಿ ಒದ್ದಾಡುವುದನ್ನು ನೋಡಲಾರದೆ ಒಂದು ದಿನ ಅವಳೇ ಒಳಗೆ ಬಂದು ಇಟ್ಟಳು. ಎರಡು ವರ್ಷದ ಮೇಲೆ ಹೊಸಿಲು ದಾಟಿದ್ದಳು. ಬಟ್ಟಲು ಮುಟ್ಟಿದಳೇ ಹೊರತು ನೀರಿಗೆ ಕೈ ಅದ್ದಲಿಲ್ಲ. ನಾನು ಕಂಡರೂ ಕಾಣದವಳ ಹಾಗೆ ಪರದೆ ಸರಿಪಡಿಸುತ್ತಾ ನಿಂತೆ.

ಗೊದಮೊಟ್ಟೆಗಳು ಹೊಟ್ಟೆ ತುಂಬಿಸಿಕೊಂಡು ಹುಣಸೆಬೀಜದಷ್ಟಾದವು. ಬಾಲದ ಬುಡದಲ್ಲಿ ಹಿಂಗಾಲಿನ ಮೊಳಕೆ ಕಂಡಿತು. ನನ್ನ ಹೊಟ್ಟೆಯೂ ಬೆಳೆಯಿತು. ಆ ಹೊತ್ತಿಗೆ ನನ್ನ ಪಾದ ಊದಿಕೊಂಡು, ಆಸ್ಪತ್ರೆಯಲ್ಲಿ ಡಾಕ್ಟರು ಸ್ವಲ್ಪ ದಿನ ಮಲಗಿಯೇ ಇರಬೇಕು ಎಂದರು. ಮಲಗಿಕೊಂಡೇ ನಾನು ಟಬ್ಬಿನ ನೀರಿನ ಚಿಂತೆ ಮಾಡುತ್ತಿದ್ದೆ. ನೀನು ಸುಮ್ಮನೆ ಮಲಗು, ನಾನು ನೋಡಿಕೊಳ್ಳುತ್ತೇನೆ ಎಂದಳು ಅವ್ವ. ನನಗೆ ಎಷ್ಟು ಖುಷಿಯಾಯಿತೆಂದರೆ ಹೇಗೆ ನೋಡಿಕೊಳ್ಳುತ್ತೀಯ ಎಂದು ಕೇಳುವುದನ್ನೇ ಮರೆತೆ.

ಅವಳು ಹುಳದ ಮನೆಯವಳು. ಹುಳದ ಮನೆಯಲ್ಲಿ ಒಂದು ಬೆಳೆ ಎತ್ತಿ ಇನ್ನೊಂದು ಬೆಳೆ ಇಳಿಸುವ ಮೊದಲು ತಟ್ಟೆ, ಸ್ಟ್ಯಾಂಡು, ಗೋಡೆ, ನೆಲ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನ ನೀರಲ್ಲಿ ತೊಳೆಯುತ್ತಾರೆ. ರೋಗ ಬಾರದಿರಲು ಅದು ಮೊದಲ ನೇಮ. ಎರಡು ವರ್ಷದ ಮೇಲೆ ಒಂದು ಜೀವಕ್ಕೆ ಕೈ ಹಾಕುತ್ತಿದ್ದೇನೆ, ಏನೂ ಹೆಚ್ಚುಕಮ್ಮಿ ಆಗಬಾರದು ಎಂದು ಅವಳು ಮರಿಗಳನ್ನು ಜರಡಿಯಲ್ಲಿ ಬಕೆಟ್ಟಿಗೆ ತೆಗೆದು, ಅಟ್ಟದಿಂದ ಹಳೆಯ ಪೌಡರಿನ ಡಬ್ಬ ಇಳಿಸಿ, ಟಬ್ಬನ್ನು ಒಳಹೊರಗೆ ಉಜ್ಜಿ, ಒಂದು ಸಲ ಜಾಲಿಸಿ, ನಲ್ಲಿ ನೀರು ತುಂಬಿಸಿ ಮರಿಗಳನ್ನು ಬಿಟ್ಟಳು. ಅಷ್ಟು ಚೊಕ್ಕಟವಾಗಿ ಆ ಟಬ್ ಅಂಗಡಿಯಲ್ಲೂ ಇದ್ದಿರಲಾರದು.

ಊಟದ ಹೊತ್ತಿಗೆ ಕರೆದರೆ ಅವ್ವ ಬರಲಿಲ್ಲ. ಗೋಡೆ ಹಿಡಿದುಕೊಂಡು ಹೋಗಿ ನೋಡಿದೆ. ಹುಳದ ಮನೆಯ ಹೊಸಿಲ ಮೇಲೆ ಕೂತಿದ್ದಳು, ಎರಡೂ ಕೈ ಸೆರಗಿನೊಳಗೆ. ಟಬ್ಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಮರಿಗಳು ಬಿಳಿ ಹೊಟ್ಟೆ ಮೇಲೆ ಮಾಡಿಕೊಂಡು ತೇಲುತ್ತಿದ್ದವು. ಉಳಿದವು ಸುತ್ತ ಸುತ್ತ ತಿರುಗುತ್ತಾ ಒದ್ದಾಡುತ್ತಿದ್ದವು.

"ನೋಡ್ದಾ?" ಅಂದಳು. "ಎಷ್ಟ್ ಸರ್ತಿ ಏಳ್ದೆ ನಿಂಗೆ."

ನೀರಿನಿಂದ ಘಾಟು ಮೂಗಿಗೆ ಹೊಡೆಯಿತು. ನನಗೆ ದುಃಖ ಬರಬೇಕಿತ್ತು, ಬಂದದ್ದು ಸಿಟ್ಟು. ಪೌಡರ್ ಹಾಕಿ ತೊಳೆದೆಯಾ ಎಂದು ಕೇಳಿದೆ. ಮತ್ತಿನ್ನೇನು, ತೊಳೆಯದೆ ಬಿಡುತ್ತಾರಾ ಎಂದಳು. ಆಟೋ ತೆಗೆಯುತ್ತಿದ್ದ ತಮ್ಮನನ್ನು ಕೂಗಿ ಕರೆದೆ. ಅವನು ಡ್ರಮ್ಮಿನಲ್ಲಿ ಉಳಿದಿದ್ದ ಮಳೆನೀರನ್ನು ಬಕೆಟ್ಟಿಗೆ ಹಾಕಿಕೊಟ್ಟು, ಇನ್ನಷ್ಟು ನೀರು ತರಲು ಕ್ಯಾನು ಹಾಕಿಕೊಂಡು ಗದ್ದೆಯ ಬಾವಿಗೆ ಓಡಿದ. ನಾನು ಜರಡಿಯಲ್ಲಿ ಜೀವ ಇದ್ದವುಗಳನ್ನೆಲ್ಲ ಬಕೆಟ್ಟಿಗೆ ದಾಟಿಸಿದೆ. ಕೈ ಆಡಿಸುತ್ತಲೇ ಬಾಯಿಗೆ ಬಂದದ್ದೆಲ್ಲ ಬೈದೆ. ಯಾರನ್ನು ಬೈದೆನೋ ನೆನಪಿಲ್ಲ. ಕೊನೆಗೆ ಹೇಳಿದ್ದು ಮಾತ್ರ ನೆನಪಿದೆ.

"ನೆಲ ಡೊಂಕಾಗೇ ಇತ್ತು ಕಣವ್ವ. ಇವತ್ತು ನೀರಲ್ಲಿ ಪೌಡ್ರಿತ್ತು. ಅವತ್ತು ಸೊಪ್ಪಲ್ಲಿ ಔಷ್ದಿ ಇತ್ತು. ನಿನ್ ಕೈಲಿ ಏನೂ ಇರ್ಲಿಲ್ಲ."

ಅವಳು ಎದ್ದು ಡಬ್ಬದ ಮುಚ್ಚಳ ತೆಗೆದು ಮೂಸಿ ನೋಡಿದಳು. ಆಮೇಲೆ ಸತ್ತ ಮರಿಗಳನ್ನು ಬಾಳೆಯ ಬುಡಕ್ಕೆ ಸುರಿದು ಬಂದಳು. ಅವತ್ತು ರಾತ್ರಿ ನನಗೆ ಒಳಗೊಳಗೇ ಹೆದರಿಕೆ. ಬಕೆಟ್ಟಿನಲ್ಲಿ ಇರುವವೂ ಬೆಳಗಾಗುವಷ್ಟರಲ್ಲಿ ಹೋಗಿಬಿಟ್ಟರೆ ಇನ್ನು ನನ್ನ ಯಾವ ಮಾತೂ ನಡೆಯುವುದಿಲ್ಲ, ಅವ್ವ ನನ್ನ ಮಗುವನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಅನ್ನಿಸುತ್ತಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಅವಳು ಹೋಗಿ ನೋಡಿಕೊಂಡು ಬಂದಿದ್ದಳು. ಹಾಸಿಗೆಯ ಪಕ್ಕ ಕಾಫಿ ಇಟ್ಟು, ಓಡಾಡ್ತವೆ ಎಂದು ಒಂದೇ ಮಾತು ಹೇಳಿದಳು. ಆ ಕಾಫಿಯಷ್ಟು ರುಚಿಯಾದ ಕಾಫಿಯನ್ನು ನಾನು ಆಮೇಲೆ ಕುಡಿದಿಲ್ಲ.

ಅದಾದ ಒಂದೆರಡು ದಿನಕ್ಕೆ ಅವ್ವ ಪಕ್ಕದ ಹೊಲದ ಬದುವಿಗೆ ಹೋಗಿ, ಚೆಂಡು ಹೂ ಬೆಳೆದಿದ್ದವರನ್ನು ಕೇಳಿಯೇಬಿಟ್ಟಳಂತೆ, ಹುಳ ಸತ್ತ ವಾರ ನೀವು ಔಷಧಿ ಹೊಡೆದಿದ್ದಿರಾ ಎಂದು. ಆ ಮನುಷ್ಯ ತಲೆ ತಗ್ಗಿಸಿ ಹೌದಕ್ಕ ಎಂದನಂತೆ. ಹಿಂದಿನ ದಿನ ಸಂಜೆಯೇ ಹೊಡೆದಿದ್ದೆವು, ಹೇಳಬೇಕಿತ್ತು, ಹೇಳಲಿಲ್ಲ, ನೀವು ಜಗಳಕ್ಕೆ ಬರುತ್ತೀರಿ ಎಂದು ಅವತ್ತಿನಿಂದ ಕಾಯುತ್ತಿದ್ದೇನೆ, ನೀವು ಬರಲೇ ಇಲ್ಲ ಎಂದನಂತೆ. ಎರಡು ವರ್ಷ ಒಬ್ಬಳು ತನ್ನ ಕೈಯನ್ನು ಬೈದುಕೊಂಡು ಕೂತಿದ್ದರೆ, ಬೇಲಿಯಾಚೆ ಇನ್ನೊಬ್ಬ ಬೈಸಿಕೊಳ್ಳಲು ಕಾದು ಕೂತಿದ್ದ. ನಾನು ಹೋಗಿದ್ದರೆ ಎರಡು ವರ್ಷದ ಬಡ್ಡಿ ಸೇರಿಸಿ ಬೈದು ಬರುತ್ತಿದ್ದೆ. ಅವ್ವ ಬರುವಾಗ ಅವರ ಹೊಲದ ಎರಡು ಹಿಡಿ ಸೊಪ್ಪು ಕಿತ್ತುಕೊಂಡು ಬಂದಿದ್ದಳು. ಚೆನ್ನಾಗಿ ತೊಳೆದು, ಮರಿಗಳಿಗೆ ಬೇಡ ಎಂದು ನಮಗೆ ಬಸ್ಸಾರು ಮಾಡಿದಳು.

ಉಳಿದ ಮರಿಗಳನ್ನು ಅಲ್ಲಿಂದ ಮುಂದೆ ಅವಳೇ ನೋಡಿಕೊಂಡಳು. ಟಬ್ ತೊಳೆಯುವುದಿದ್ದರೆ ಬರಿಯ ನೀರು, ಬಾವಿಯದೇ ನೀರು, ಒಂದೇ ಸಲಕ್ಕೆ ಎಲ್ಲ ನೀರು ಬದಲಿಸುವುದಿಲ್ಲ. ಹಿಂಗಾಲು ಪೂರ್ತಿ ಬಂದವು. ಒಂದು ದಿನ ಮುಂಗಾಲೂ ಬಂದವು, ಅಂಗಿಯ ತೋಳಿನಿಂದ ಕೈ ಹೊರಗೆ ಹಾಕಿದ ಹಾಗೆ. ಆದರೆ ಕೈ ಬಂದ ಮರಿಗಳು ಸೊಪ್ಪು ಮುಟ್ಟುವುದನ್ನೇ ನಿಲ್ಲಿಸಿದವು. ಟಬ್ಬಿನ ಅಂಚಿಗೆ ಹೋಗಿ ಮೇಲೆ ನೋಡುತ್ತಾ ನಿಲ್ಲುತ್ತಿದ್ದವು. ಮತ್ತೆ ಏನೋ ರೋಗ ಬಂತು ಎಂದು ನಾನು ಫೋನು ತೆಗೆದುಕೊಂಡು ಕೂತೆ.

ಅವ್ವ ಬಗ್ಗಿ ನೋಡಿ, "ರೋಗ ಅಲ್ಲ ಕಣ್ಮಗ, ಅಣ್ಣಾಗವೆ," ಅಂದಳು.

ಹಣ್ಣಾದ ಹುಳ ಸೊಪ್ಪು ಬಿಡುತ್ತದೆ, ತಲೆ ಎತ್ತಿಕೊಂಡು ಹತ್ತಲು ಜಾಗ ಹುಡುಕುತ್ತದೆ. ಆಗ ಅದನ್ನು ಎತ್ತಿ ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ಬಿದಿರಿನ ತಟ್ಟಿಗೆ ಸುತ್ತು ಸುತ್ತಾಗಿ ಪಟ್ಟಿ ಕಟ್ಟಿದ ಆ ಚಂದ್ರಿಕೆಗಳು ಅಟ್ಟದಲ್ಲಿ ದೂಳು ಹಿಡಿದು ಬಿದ್ದಿದ್ದವು. ಅವ್ವ ಒಂದನ್ನು ಇಳಿಸಿ, ಬರೀ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಟಬ್ಬಿನೊಳಗೆ ಓರೆಯಾಗಿ ಇಳಿಬಿಟ್ಟಳು. ನೀರು ಕಡಿಮೆ ಮಾಡಿದಳು. ಕಪ್ಪೆಗೂ ಹುಳಕ್ಕೂ ಎಲ್ಲಿಯ ಸಂಬಂಧ ಎಂದು ತಮ್ಮ ನಕ್ಕ. ಆ ಹೊತ್ತಿಗೆ ನನ್ನ ಫೋನೂ ಅದನ್ನೇ ಹೇಳುತ್ತಿತ್ತು, ಕೈ ಬಂದ ಮರಿಗೆ ಹತ್ತಿ ಕೂರಲು ಒಣ ಜಾಗ ಇಲ್ಲದಿದ್ದರೆ ಅದು ನೀರಿನಲ್ಲೇ ಮುಳುಗಿ ಸಾಯುತ್ತದೆ ಎಂದು. ಪೌಡರಿನಲ್ಲಿ ಕೈ ಕೊಟ್ಟ ಹುಳ ಸಾಕುವ ಬುದ್ಧಿ ಚಂದ್ರಿಕೆಯಲ್ಲಿ ಕೈ ಹಿಡಿಯಿತು.

ಅವು ಹತ್ತಿದವು. ಬಾಲ ಇನ್ನೂ ಅಂಟಿಕೊಂಡಿದ್ದ ಪುಟ್ಟ ಪುಟ್ಟ ಕಪ್ಪೆಗಳು ಒಂದೊಂದಾಗಿ ಬಿದಿರಿಗೆ ಬೆರಳು ಅಂಟಿಸಿಕೊಂಡು ಮೇಲೆ ಬಂದು ಪಟ್ಟಿಗಳ ಸಂದಿನಲ್ಲಿ ಕೂತವು. ಒಂದು ಮಾತ್ರ ಅರ್ಧಕ್ಕೆ ಬಂದು ಜಾರಿ ನೀರಿಗೆ ಬೀಳುತ್ತಿತ್ತು, ಮತ್ತೆ ಹತ್ತುತ್ತಿತ್ತು, ಮತ್ತೆ ಬೀಳುತ್ತಿತ್ತು. ಕೊನೆಗೆ ಹತ್ತದೆ ನೀರಲ್ಲೇ ಕೈಕಾಲು ಬಡಿಯಿತು. ಅವ್ವ ನನ್ನ ಮುಖ ನೋಡಿದಳು. ನಾನು ಜರಡಿ ಕೊಡಲಿಲ್ಲ. ಅವಳೇ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಅಂಗೈಯನ್ನು ನೀರಿಗೆ ಇಳಿಸಿ ಅದನ್ನು ಎತ್ತಿದಳು. ಅಂಗೈಯಲ್ಲೇ ಅದು ಸುಧಾರಿಸಿಕೊಳ್ಳುವವರೆಗೆ ಹಿಡಿದಿದ್ದು ಚಂದ್ರಿಕೆಯ ಮೇಲ್ತುದಿಗೆ ಬಿಟ್ಟಳು. ಅದು ಕೂತಿತು. ನನಗೆ ಅಳು ತಡೆಯಲಾಗಲಿಲ್ಲ. ಬಸುರಿ ಅಳಬಾರದು ಎಂದು ಗದರಿ ಅವ್ವನೂ ಕಣ್ಣೊರೆಸಿಕೊಂಡಳು.

ಬಾಲ ಕರಗಿದ ಮೇಲೆ ಅವನ್ನು ಬಚ್ಚಲ ಹಿಂದಿನ ಬಾಳೆಯ ಗುಂಪಿಗೆ ಬಿಡಬೇಕಿತ್ತು. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ ಎನ್ನುವ ಗಾದೆಯನ್ನು ಅವತ್ತು ಕಣ್ಣಾರೆ ಕಂಡೆ. ಒಂದನ್ನು ಡಬ್ಬಿಗೆ ಹಾಕಿದರೆ ಇನ್ನೊಂದು ತಮ್ಮನ ತಲೆಯ ಮೇಲೆ. ಕೊನೆಗೆ ಅವ್ವ ಚಂದ್ರಿಕೆಯನ್ನೇ ಎತ್ತಿಕೊಂಡು ಹೋಗಿ ಬಾಳೆಗೆ ಒರಗಿಸಿ ಬಂದಳು. ಅವು ತಮಗೆ ಬೇಕಾದಾಗ ಹೋದವು.

ಇಷ್ಟಾದರೂ ಕೂಸಿನ ಮಾತನ್ನು ಅವಳು ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕಪ್ಪೆ ಬೇರೆ, ಕೂಸು ಬೇರೆ. ಬೇಡ ಎಂದುಬಿಟ್ಟರೆ ಎನ್ನುವ ಭಯ ನನಗೆ.

ಹೆಣ್ಣು ಮಗು ಹುಟ್ಟಿತು. ಆಸ್ಪತ್ರೆಯಿಂದ ಹೊನ್ನೂರಿಗೆ ಬಂದ ದಿನ ಮೊದಲ ನೀರು ಎರೆಯಲೆಂದು ಅತ್ತೆಯೂ ಕೊಳ್ಳೇಗಾಲದಿಂದ ಬಂದಿದ್ದರು. ತಮ್ಮ ಹಂಡೆಗೆ ನೀರು ತುಂಬಿ ಬೆಳಿಗ್ಗೆಯಿಂದ ಒಲೆ ಉರಿಸಿದ್ದ. ಅತ್ತೆ ಸೀರೆ ಎತ್ತಿ ಕಟ್ಟಿ ಬಚ್ಚಲ ಮಣೆಯ ಮೇಲೆ ಕೂರಲು ಹೊರಟು, ಮಂಡಿ ಬಗ್ಗದೆ ಗೋಡೆ ಹಿಡಿದು ಹಾಗೇ ನಿಂತರು. ಕೂಸು ನನ್ನ ಕೈಯಲ್ಲಿತ್ತು. ಮೈಗೆ ಎಣ್ಣೆ ಹಚ್ಚಿಯಾಗಿತ್ತು, ಅದು ಕಿರಿಚುತ್ತಿತ್ತು. ನಾನು ಅವ್ವನ ಕಡೆ ನೋಡಲಿಲ್ಲ, ನೋಡಿದರೆ ಕೇಳಿದ ಹಾಗಾಗುತ್ತದೆ ಎಂದು ಹಂಡೆಯನ್ನೇ ನೋಡುತ್ತಾ ನಿಂತೆ.

ಅವ್ವ ಬಾಗಿಲಲ್ಲಿದ್ದವಳು ಒಳಗೆ ಬಂದಳು. ಅತ್ತೆಯ ತೋಳು ಹಿಡಿದು ಪಕ್ಕದ ಸ್ಟೂಲಿನ ಮೇಲೆ ಕೂರಿಸಿದಳು. ಮಣೆಯ ಮೇಲೆ ತಾನು ಕೂತು ಎರಡೂ ಕಾಲು ನೀಡಿ, ತಂಬಿಗೆಯ ನೀರಿಗೆ ಮೊಣಕೈ ಅದ್ದಿ ಬಿಸಿ ನೋಡಿದಳು. ಆಮೇಲೆ ಹೊರಗಿದ್ದ ತಮ್ಮನನ್ನು ಕೂಗಿದಳು.

"ಲೇ, ಈ ನೀರ್ಗೆ ಪೌಡ್ರು ಗೀಡ್ರು ಏನೂ ಆಕಿಲ್ಲ ತಾನೆ?"

ಇಲ್ಲ ಕಣವ್ವ, ಬಾವಿ ನೀರು ಎಂದ ಅವನು.

"ಅಂಗಾದ್ರೆ ಕೊಡು ಕೂಸ್ನ ಇಲ್ಲಿ," ಎಂದು ಅವ್ವ ಕೈ ಚಾಚಿದಳು.